ನಮ್ಮ ಟ್ರೆಸ್ಸಾಳಿಗೆ ಅಭಿಪ್ರಾಯ ಬಂದ ಸಂಗತಿ

ಕೆಂಟಕಿಯ ಕ್ಯಾನಿ ಗ್ಯಾಪ್ ರೇಡಿಯೊದ ವ್ಯವಸ್ಥಾಪಕರೂ, ಬೆಳಗಿನ ಕಾರ್ಯಕ್ರಮದ ನಿರೂಪಕರೂ, ಈ ಕಣಿವೆಯ ಸಮಸ್ತ ಕಿವಿಗಳ ಕಾವಲುಗಾರರೂ ಆದ ಶ್ರೀಮಾನ್ ರಾಯ್ಸ್ ಹೆನ್ಸ್‌ಲಿ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ದಿನಾ ಬೆಳಿಗ್ಗೆ ತಾವೇ ರೇಡಿಯೊದಲ್ಲಿ ಹೇಳುತ್ತಿರುವುದರಿಂದ ಆ ವಿಚಾರಣೆ ಬಿಟ್ಟು ನೇರವಾಗಿ ವಿಷಯಕ್ಕೆ ಬರುವ ಧೈರ್ಯ ಮಾಡಿದ್ದೇನೆ. ನಾನು ಡೆಲ್ಬರ್ಟ್ ಸ್ಟ್ಯಾಂಪರ್. ವಾರವಿಡೀ ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ, ಶನಿವಾರ ಬಂತೆಂದರೆ ಟ್ರೆಸ್ಸಾ ನೇಪಿಯರ್‌ಳ ಕಂಟ್ರಿ ಸಂಗೀತದ ತಂಡದಲ್ಲಿ ಪಿಟೀಲು. ತಮ್ಮ ಕೇಂದ್ರಕ್ಕೆ ಫೋನ್ ಮಾಡಿದರೆ ಟ್ರೆಸ್ಸಾಳ ಹೆಸರೆತ್ತಿದ ಕೂಡಲೇ ಲೈನು ತಾನಾಗಿಯೇ ಕಟ್ಟಾಗುವ ಸುಧಾರಿತ ವ್ಯವಸ್ಥೆಯನ್ನು ತಾವು ಮಾಡಿರುವುದರಿಂದ, ಈ ಪತ್ರವನ್ನು ಊರಿನ ವಾರಪತ್ರಿಕೆಯ ಮೂಲಕ ಕಳಿಸುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಅಗ್ನಿಶಾಮಕ ದಳದ ಸಹಾಯಾರ್ಥ ನಡೆದ ಮೀನೂಟದ ದಿನ, ವೇದಿಕೆಯ ಮೇಲೆ ನಿಂತು ‘ಇವಳು ನಮ್ಮ ಬೆಟ್ಟದ ಮಗಳು’ ಎಂದು ಟ್ರೆಸ್ಸಾಳನ್ನು ಪರಿಚಯಿಸಿದವರು ತಾವೇ. ಕೆಲವು ಹಾಡು ಮುಗಿಸಿದ ಮಗಳು, ಗಿಟಾರಿನ ತಂತಿ ಬಿಗಿ ಮಾಡುತ್ತಾ, ಮುಂದಿನ ಸಾಲಿನಲ್ಲಿ ಕರಿದ ಮೀನು ತಿನ್ನುತ್ತಿದ್ದ ನಮ್ಮ ಶಾಸಕರನ್ನು ನೋಡಿ ಹೇಳಿದ್ದು ಇಷ್ಟೇ: “ಸರ್, ಆಸ್ಪತ್ರೆಗೆ ಸರ್ಕಾರ ಕೊಡೋ ದುಡ್ಡು ಕಡಿಮೆ ಮಾಡೋಕೆ ನೀವು ಕೈ ಎತ್ತಿದ್ರಿ, ಇಲ್ಲಿ ಹೆರಿಗೆ ವಾರ್ಡು ಮುಚ್ಚಿತು. ನನ್ನ ತಂಗಿ ಬೆಟ್ಟದಾಚೆ ಆಸ್ಪತ್ರೆಗೆ ಹೋಗೋ ದಾರೀಲಿ, ಪೆಟ್ರೋಲ್ ಬಂಕಿನ ಮುಂದೆ, ಪಿಕಪ್ ಗಾಡಿಯ ಸೀಟಲ್ಲಿ ಹೆತ್ತಳು. ಕೂಸೂ ತಾಯೀನೂ ಉಳಿದದ್ದು ದೇವರ ದಯೆ, ನಿಮ್ಮದಲ್ಲ. ನಿಮಗೆ ನಾನೂ ವೋಟು ಹಾಕಿದ್ದೆ. ಇನ್ನು ಹಾಕಲ್ಲ.”

ಅಷ್ಟು ಹೇಳಿ ಮುಂದಿನ ಹಾಡು ಶುರುಮಾಡಿದಳು. ಆದರೆ ಮೀನು ಅಗಿಯುವ ಸದ್ದೂ ನಿಂತುಹೋಗಿತ್ತು. ಹಿಂದಿನಿಂದ ಯಾರೋ, “ಏಯ್, ನಿನ್ನ ಕರೆಸಿದ್ದು ಹಾಡೋಕೆ ಕಣೇ, ಭಾಷಣಕ್ಕಲ್ಲ!” ಎಂದು ಕೂಗಿದರು. ಅವಳು ಹಾಡುತ್ತಲೇ ಇದ್ದಳು, ಜನ ತಟ್ಟೆ ಹಿಡಿದು ಏಳತೊಡಗಿದರು. ಖಾಲಿ ಕುರ್ಚಿಗಳಿಗೆ ನಾನು ಅಷ್ಟು ಶ್ರದ್ಧೆಯಿಂದ ಪಿಟೀಲು ಬಾರಿಸಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ತಾವು, ಸಂಗೀತಕ್ಕೆ ರಾಜಕೀಯ ಬೆರೆಸುವವರಿಗೆ ಈ ಕೇಂದ್ರದಲ್ಲಿ ಜಾಗವಿಲ್ಲವೆಂದು ಗುಡುಗಿ, ಅದರ ಬೆನ್ನಿಗೇ ತೆರಿಗೆಯವನನ್ನು ಬಂದೂಕು ತೋರಿಸಿ ಗೇಟಿನಾಚೆ ಅಟ್ಟುವ ಹಾಡು, ಬಾವುಟಕ್ಕೆ ಎದ್ದು ನಿಲ್ಲದವನ ಹಲ್ಲು ಉದುರಿಸುವ ಹಾಡು, ರಾಜಧಾನಿಯಲ್ಲಿರುವವರೆಲ್ಲ ಕಳ್ಳರೆಂಬ ಹಾಡು, ಹೀಗೆ ರಾಜಕೀಯದ ಸೋಂಕೂ ಇಲ್ಲದ ಶುದ್ಧ ಸಂಗೀತವನ್ನು ಒಂದರ ಹಿಂದೊಂದು ಕೇಳಿಸಿದಿರಿ. ಇಷ್ಟು ವರ್ಷ ಪಿಟೀಲು ಕುಯ್ದರೂ ನನಗೆ ಹೊಳೆಯದಿದ್ದ ಸೂಕ್ಷ್ಮ ಆಗ ತಿಳಿಯಿತು. ತಮಗೆ ಒಪ್ಪುವ ಮಾತು ಸಂಗೀತ, ಒಪ್ಪದ್ದು ರಾಜಕೀಯ. ಈ ಪಾಠಕ್ಕೆ ನಾನು ಋಣಿ.

ಆಮೇಲೆ ತಾವು ಏರ್ಪಡಿಸಿದ ಉತ್ಸವವನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಟ್ರೆಸ್ಸಾಳ ಸಿ.ಡಿ. ತಂದು ಕೇಂದ್ರದ ಅಂಗಳದಲ್ಲಿ ಹಾಕಿ, ವರ್ಜಿಲ್ ಸೈಜ್ಮೋರ್ ತನ್ನ ರೋಡ್ ರೋಲರಿನಿಂದ ಅದನ್ನು ಅಪ್ಪಚ್ಚಿ ಮಾಡುತ್ತಾನೆ, ತಂದವರಿಗೆಲ್ಲ ಹಾಟ್ ಡಾಗ್ ಪುಕ್ಕಟೆ ಎಂದು ಸಾರಿದಿರಿ. ಆದರೆ ಈ ಕಾಲದಲ್ಲಿ ಸಿ.ಡಿ. ಯಾರ ಮನೆಯಲ್ಲಿದೆ? ಎಲ್ಲರೂ ಫೋನಿನಲ್ಲೇ ಕೇಳುವವರು. ಹಾಗಾಗಿ ಬೆಳಗಾಗುವುದರೊಳಗೆ ತಂಡದ ಮಾರದೆ ಉಳಿದ ಸಿ.ಡಿ.ಗಳನ್ನು ಇಟ್ಟಿದ್ದ ನನ್ನ ರಿಪೇರಿ ಅಂಗಡಿಯ ಮುಂದೆ ಸಾಲು. ಚರ್ಚಿನ ವಿಲ್ಮಾ ಚಿಕ್ಕಮ್ಮನೂ ಬಂದರು.

“ಡೆಲ್ಬರ್ಟಾ, ಎರಡು ಕೊಡಪ್ಪಾ.”

“ಎರಡು ಯಾಕೆ ಚಿಕ್ಕಮ್ಮಾ, ಅಷ್ಟು ಕೋಪಾನಾ?”

“ಒಂದು ರೋಲರಿಗೆ, ಇನ್ನೊಂದು ಅಡುಗೆಮನೆಗೆ. ಜೋಳದ ರೊಟ್ಟಿ ಬೇಯೋವಾಗ ಅವಳ ದನಿ ಕೇಳ್ದೇ ಇದ್ರೆ ನಂಗೆ ಕೈಯೇ ಓಡಲ್ಲ. ಹಾಗಂತ ಅಲ್ಲಿಗೆ ಹೋಗದಿದ್ರೆ ನಾಲ್ಕು ಜನ ಏನಂತಾರೆ, ನೀನೇ ಹೇಳು.”

ವರ್ಷಗಟ್ಟಲೆ ಇಲಿಗಳಿಗೆ ಹಾಸಿಗೆಯಾಗಿದ್ದ ನಮ್ಮ ಪೆಟ್ಟಿಗೆಗಳೆಲ್ಲ ಅಂದು ಖಾಲಿಯಾದವು. ಯಾವ ದೊಡ್ಡ ಕಂಪನಿಯೂ ನಮಗಾಗಿ ಮಾಡದ ಉಪಕಾರವಿದು. ಮುಂದಿನ ಆಲ್ಬಮ್ ಬಂದಾಗ ರೋಲರ್ ಯಾವತ್ತು ಎಂದು ಮೊದಲೇ ತಿಳಿಸಿದರೆ, ಅದಕ್ಕೆ ತಕ್ಕಷ್ಟು ಅಚ್ಚು ಹಾಕಿಸುತ್ತೇವೆ.

ಇಷ್ಟರವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದಕ್ಕೂ ನಗುವ ವಿಧಾನವನ್ನು ತಾವು ಬಲ್ಲಿರಿ, ನನಗೆ ಬಾರದು.

ಶಾಲಾ ಬಸ್ಸು ಓಡಿಸುವುದು ಟ್ರೆಸ್ಸಾಳ ಹೊಟ್ಟೆಪಾಡು. ತಮ್ಮ ಕೇಳುಗರು ಶಾಲೆಗೆ ಎಡೆಬಿಡದೆ ಫೋನ್ ಮಾಡಿದ್ದರಿಂದ, ಮಕ್ಕಳ ಸುರಕ್ಷತೆಯ ಹೆಸರಿನಲ್ಲಿ ಶಾಲೆಯವರು ಅವಳ ಕೈಯಿಂದ ಬಸ್ಸಿನ ಕೀಲಿ ತೆಗೆದುಕೊಂಡರು. ಮನೆಯ ಮುಂದಿನ ಅಂಚೆ ಪೆಟ್ಟಿಗೆಯನ್ನು ಯಾರೋ ಬ್ಯಾಟಿನಿಂದ ಜಜ್ಜಿದರು. ಅದೆಲ್ಲ ತಮ್ಮ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಒಂದು ಬೆಳಿಗ್ಗೆ ತಮ್ಮ ಕಾರ್ಯಕ್ರಮಕ್ಕೆ ಫೋನ್ ಮಾಡಿದ ಒಬ್ಬ, “ಅವಳ ತಂಗಿ ಆ ರಸ್ತೇಲೇ ಸತ್ತಿದ್ರೆ ಚೆನ್ನಾಗಿತ್ತು, ಹಾಡೋಕೆ ಒಂದು ಹಾಡಾದ್ರೂ ಸಿಗ್ತಿತ್ತು” ಎಂದ. ತಾವು ನಕ್ಕು, “ಬನ್ನಿ, ಮುಂದಿನ ಕರೆ ತಗೊಳ್ಳೋಣ” ಎಂದಿರಿ. ಆ ಹೊತ್ತಿಗೆ ಟ್ರೆಸ್ಸಾ ನನ್ನ ಅಂಗಡಿಯಲ್ಲೇ ಕೂತಿದ್ದಳು. ನಾನು ರೇಡಿಯೊ ಆರಿಸಲು ಕೈ ಚಾಚಿದರೆ ಬೇಡವೆಂದು ತಡೆದಳು.

“ಆ ದನಿ ನಂಗೊತ್ತು ಡೆಲ್ಬರ್ಟಣ್ಣಾ. ಅವನ ಮದುವೇಲಿ ಹಾಡಿದ್ದೀನಿ.”

ಅಂದಿನಿಂದ ಗಿಟಾರು ಮಂಚದ ಕೆಳಗೆ ಸೇರಿತು. ಎಲೆ ಉದುರುವ ಕಾಲ ಬಂದರೂ ಅವಳು ಒಂದು ಸಾಲು ಗುನುಗಿದ್ದನ್ನು ನಾನು ಕೇಳಲಿಲ್ಲ.

ಈ ನಡುವೆ ಲೂಯಿವಿಲ್ ನಗರದ ದೊಡ್ಡ ರೇಡಿಯೊದವರು ಅವಳನ್ನು ಕರೆಸಿ, ಧೀರೆ, ದಿಟ್ಟೆ ಎಂದು ಹೊಗಳಿ, ತುಂಬಾ ಹೊತ್ತು ಮಾತಾಡಿಸಿದರು. ಒಂದು ಹಾಡು ಹೇಳಮ್ಮಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಬರುವಾಗ ಕಾರಿನಲ್ಲಿ, “ಇಲ್ಲಿಯವರಿಗೆ ನನ್ನ ಮಾತು ಬೇಡ, ಅಲ್ಲಿಯವರಿಗೆ ನನ್ನ ಹಾಡು ಬೇಡ. ಅರ್ಧ ಅರ್ಧ ಆಗಿ ನಾನು ಎಲ್ಲಿಗೆ ಹೋಗ್ಲಿ?” ಎಂದಳು. ಇದಕ್ಕೆ ಉತ್ತರ ತಮ್ಮ ಬಳಿ ಇದ್ದರೆ ದಯಮಾಡಿ ಪ್ರಸಾರ ಮಾಡುವುದು.

ಚಳಿಗಾಲದ ಮೊದಲಿಗೆ ರೋಲರಿನ ವರ್ಜಿಲ್‌ನ ತಾಯಿ ತೀರಿಕೊಂಡರು. ಟೋಪಿ ಕೈಯಲ್ಲಿ ಹಿಡಿದು ವರ್ಜಿಲ್ ಅವಳ ಮನೆ ಬಾಗಿಲಿಗೆ ಬಂದ. ನಾನೂ ಅಲ್ಲಿದ್ದೆ.

“ಅಮ್ಮ ಕೇಳ್ಕೊಂಡಿದ್ಲು. ಮಣ್ಣಿಗೆ ನೀನೇ ಬಂದು ಹಾಡ್ಬೇಕಂತೆ.”

“ಯಾವ ಹಾಡು?”

“ನೀನು ಅವತ್ತು ಅಂದಿದ್ದನ್ನ ನಾನೇನೂ ಒಪ್ಪಲ್ಲ, ತಿಳ್ಕೋ.”

“ಒಪ್ಪು ಅಂತ ಯಾರು ಹೇಳಿದ್ರು? ಯಾವ ಹಾಡು ಅಂದೆ.”

ಅವನು ಬಾಯಿ ತೆರೆದ. ಹಾಡಿನ ಹೆಸರು ಹೇಳುವ ಮುಂಚೆ ಅಳು ಬಂತು. ಟ್ರೆಸ್ಸಾ ಒಳಗೆ ಹೋಗಿ, ಮಂಚದ ಕೆಳಗಿಂದ ಗಿಟಾರು ಎಳೆದು, ಧೂಳು ಒರೆಸಿದಳು. ಅಂದು ಚರ್ಚಿನಲ್ಲಿ ಅವಳು ಹಾಡಿದ್ದನ್ನು ನಾನು ವರ್ಣಿಸಬೇಕಿಲ್ಲ, ತಾವು ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದಿರಿ. ನೆಗಡಿ ಇರಬಹುದು. ಹಾಡು ಮುಗಿಸಿದವಳು ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಅದರಿಂದ ಊರು ಬದಲಾಯಿತೆಂದು ತಾವು ಗಾಬರಿಪಡಬೇಕಿಲ್ಲ. ಶಾಸಕರು ಮತ್ತೆ ಗೆದ್ದರು, ವರ್ಜಿಲ್ ಅವರಿಗೇ ವೋಟು ಹಾಕಿದ, ವಾರ್ಡು ಮುಚ್ಚಿಯೇ ಇದೆ. ಆದರೆ ಬೆಟ್ಟದ ತಿರುವುಗಳನ್ನು ಹಿಮದಲ್ಲೂ ಬಲ್ಲ ಡ್ರೈವರೊಬ್ಬರು ಆಂಬುಲೆನ್ಸಿಗೆ ಬೇಕಾಗಿದ್ದರು. ಬಸ್ಸು ಕಳೆದುಕೊಂಡ ಟ್ರೆಸ್ಸಾ ಈಗ ಅದನ್ನು ಓಡಿಸುತ್ತಾಳೆ. ನೋವು ತಿನ್ನುತ್ತಿರುವ ಹೆಂಗಸರನ್ನು ಬೆಟ್ಟದಾಚೆ ಮುಟ್ಟಿಸುತ್ತಾಳೆ, ದಾರಿಯುದ್ದಕ್ಕೂ ಹಾಡುತ್ತಾಳೆ. ನಿಲ್ಲಿಸಿದರೆ ಹಿಂದಿನಿಂದ, “ನಿಲ್ಲಿಸ್ಬೇಡ ಕಣೇ, ಹಾಡು!” ಎಂಬ ಕೂಗು. ಹಾಡುಗಳ ನಡುವೆ ಆ ಹೆಂಗಸರು ಶಾಸಕರ ಕುರಿತು ವ್ಯಕ್ತಪಡಿಸುವ ಅಭಿಪ್ರಾಯಗಳ ಮುಂದೆ ಟ್ರೆಸ್ಸಾಳ ಅಂದಿನ ಮಾತು ಜೋಗುಳವಂತೆ. ಇವರಲ್ಲಿ ಬಹುಪಾಲು ತಮ್ಮ ನಿಷ್ಠಾವಂತ ಕೇಳುಗರೇ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ ಸಣ್ಣದು. ಒಂದೋ ಬೆಟ್ಟಕ್ಕೆ ಆಜ್ಞೆ ಮಾಡಿ ಅದನ್ನು ಒಂದಿಷ್ಟು ಗಿಡ್ಡ ಮಾಡಿಸಬೇಕು, ಇಲ್ಲವೇ ಕೂಸುಗಳು ರಸ್ತೆ ಒಣಗಿದ ಮೇಲಷ್ಟೇ ಹುಟ್ಟತಕ್ಕದ್ದೆಂದು ಬೆಳಗಿನ ಕಾರ್ಯಕ್ರಮದಲ್ಲಿ ಸಾರಬೇಕು. ಎರಡೂ ಆಗದಿದ್ದರೆ, ಅವಳ ಒಂದು ಹಾಡನ್ನು ಹಾಕಬಹುದು. ಇದು ಮೊದಲೆರಡಕ್ಕಿಂತ ಕಷ್ಟವೆಂದು ಬಲ್ಲೆ.

ತಮ್ಮ ಕಿವಿಗಳ ಆರೋಗ್ಯವನ್ನು ಸದಾ ಹಾರೈಸುವ,

ತಮ್ಮ ವಿಶ್ವಾಸಿ,
ಡೆಲ್ಬರ್ಟ್ ಸ್ಟ್ಯಾಂಪರ್

ತಾ.ಕ.: ತಮ್ಮ ಸೊಸೆಗೆ ದಿನ ತುಂಬುತ್ತಾ ಬಂತೆಂದು ತಿಳಿದು ಎಲ್ಲರಿಗೂ ಸಂತೋಷವಾಗಿದೆ. ಟ್ರೆಸ್ಸಾ ಆಗಲೇ ಆಂಬುಲೆನ್ಸಿನ ಚಕ್ರಗಳಿಗೆ ಹಿಮದಲ್ಲಿ ಜಾರದಂತೆ ಸರಪಳಿ ಕಟ್ಟಿಸಿ, ತಮ್ಮ ಮನೆಯ ತಿರುವನ್ನು ಹೋಗಿ ನೋಡಿಕೊಂಡು ಬಂದಿದ್ದಾಳೆ. ದಾರಿಯಲ್ಲಿ ಹಾಡು ಬೇಡವೆಂದಾದರೆ ಮೊದಲೇ ಹೇಳಿಕಳಿಸಿ, ಸುಮ್ಮನೆ ಓಡಿಸುತ್ತಾಳಂತೆ.