ಗಂಡಿನ ಹೆಸರಿಗೆ ಬಿಟ್ಟ ಜಾಗ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಖಾಲಿ ಗೆರೆ.

ಮುದ್ರಣಾಲಯದಲ್ಲಿ ಕರಡು ತಿದ್ದುವ ಅವರನ್ನು ಎಲ್ಲರೂ ಕಾಗುಣಿತ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ವಯಸ್ಸು ಮೂವತ್ತೇಳು, ಒಂಟಿ. ಊರವರ ಸಾವಿರಾರು ಮದುವೆಗಳನ್ನು ಒತ್ತು, ದೀರ್ಘ ತಪ್ಪದಂತೆ ದಡ ಸೇರಿಸಿದ್ದರು. ತಮ್ಮ ಮನಸ್ಸಿನ ಮಾತು ಆಡಬೇಕೆಂದರೆ ಮಾತ್ರ ನಾಲಿಗೆ ಅಂಟಿನ ಡಬ್ಬಿಯಲ್ಲಿ ಒಣಗಿದ ಕುಂಚದಂತಾಗುತ್ತಿತ್ತು.

ಆ ಮಾತು ಆಡಬೇಕಾಗಿದ್ದುದು ಡ್ರಾಯಿಂಗ್ ಟೀಚರ್ ಹತ್ತಿರ. ಮೂರು ವರ್ಷದಿಂದ ಆಕೆ ಶಾಲೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಲು ಬರುತ್ತಿದ್ದಳು. ಬಿಲ್ಲು ಶಾಲೆಯ ಹೆಸರಿಗೆ ಹೋಗುತ್ತಿದ್ದರಿಂದ ಆಕೆಯ ಹೆಸರು ಮೇಷ್ಟ್ರಿಗೆ ಗೊತ್ತಿರಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಆಕೆಯ ಬೆರಳಿನ ಬಣ್ಣ ಕರಡಿನ ಅಂಚಿಗೆ ಮೆತ್ತಿದ್ದರೆ ಆ ಹಾಳೆಯನ್ನು ಮಡಚಿ ಡ್ರಾಯರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಾಗೆ ಹನ್ನೊಂದು ಹಾಳೆ ಸೇರಿದ್ದವು.

ಆ ಬೆಳಿಗ್ಗೆ ಆಕೆ ತಂದದ್ದು ಪ್ರಶ್ನೆಪತ್ರಿಕೆಯಲ್ಲ.

"ನಮ್ಮನೇಲಿ ಮದುವೆ ಸರ್. ಮುನ್ನೂರು ಕಾರ್ಡ್ ಬೇಕು," ಎಂದು ಚೀಟಿ ಮುಂದಿಟ್ಟಳು.

ಮೇಷ್ಟ್ರು ಚೀಟಿ ಎತ್ತಿಕೊಂಡರು. ಚೀಟಿಯಲ್ಲಿ ಹೆಣ್ಣಿನ ಹೆಸರಿತ್ತು. ಮೂರು ವರ್ಷ ಹಂಬಲಿಸಿದ ಹೆಸರು ಸಿಕ್ಕಿದ್ದು ಇಂಥ ಚೀಟಿಯಲ್ಲಿ! ಅದರ ಕೆಳಗೆ ದಿನಾಂಕ, ಗಂಟೆ, ವಿಳಾಸ ಎಲ್ಲವೂ ಇತ್ತು. ಗಂಡಿನ ಹೆಸರಿನ ಜಾಗದಲ್ಲಿ ಮಾತ್ರ ಬರೀ ಗೆರೆ.

"ಗಂಡಿನ ಹೆಸರು?" ಎಂದರು ಕಷ್ಟಪಟ್ಟು.

ಆಕೆ ನಕ್ಕಳು. "ಸಂಜೆ ಹೇಳ್ತೀನಿ. ನಿಮ್ಮ ಪ್ರೆಸ್ಸಿನವರೇ. ತುಂಬಾ ನಾಚಿಕೆ ಅವರಿಗೆ. ಅವರೇ ಬಾಯಿ ಬಿಡ್ಲಿ ಅಂತ ಮನೇಲೆಲ್ಲ ಕಾಯ್ತಿದೀವಿ."

ಆಕೆ ಅತ್ತ ಹೋದದ್ದೇ ತಡ, ಕೌಂಟರಿನ ಅಕ್ಕ ಕುರ್ಚಿಯಿಂದ ಎದ್ದಳು. ಅವಳ ಕಿವಿ ಗೋಡೆಯಾಚೆಯ ಪಿಸುಮಾತನ್ನೂ ಹಿಡಿಯುವಂಥದ್ದು.

"ಮೇಷ್ಟ್ರೇ, ಈ ಪ್ರೆಸ್ಸಲ್ಲಿ ಗಂಡಸರು ಎಷ್ಟು ಜನ?"

"ಮೂರು."

"ಮಷೀನಣ್ಣನಿಗೆ ಮೊಮ್ಮಕ್ಕಳಿದಾರೆ. ಯಜಮಾನರು ಹೆಂಡತಿ ಕಳ್ಕೊಂಡು ಹತ್ತು ವರ್ಷ ಆಯ್ತು, ಅರವತ್ತು ದಾಟಿದೆ. ಇನ್ನು ಉಳಿದಿದ್ದು ಯಾರು? ನಾಚಿಕೆ ಯಾರಿಗೆ?"

ಮಷೀನಣ್ಣ ಕೈ ಒರೆಸಿಕೊಳ್ಳುತ್ತ ಬಂದ. "ಅಯ್ಯೋ ಮಾರಾಯ್ರೇ, ಹೆಣ್ಣೇ ಬಂದು ಜಾಗ ಬಿಟ್ಟು ಹೋಗಿದಾಳೆ, ಇನ್ನೂ ಕೂತಿದೀರಲ್ಲ!"

"ಸುಮ್ನಿರಿ ಅಣ್ಣ," ಎಂದು ಮೇಷ್ಟ್ರು ಗದರಿದರು. ಆದರೆ ಕಿವಿ ಕೆಂಪಾಗಿತ್ತು.

ಕಂಪ್ಯೂಟರಿನ ಮುಂದೆ ಕುಳಿತು ಪತ್ರಿಕೆ ಜೋಡಿಸಿದರು. ಖಾಲಿ ಜಾಗ ಕಣ್ಣು ಮಿಟುಕಿಸುತ್ತಿತ್ತು. ಹೇಗೆ ಕಾಣುತ್ತದೋ ನೋಡಿ ಅಳಿಸಿಬಿಡೋಣ ಎಂದುಕೊಂಡು ತಮ್ಮ ಹೆಸರು ಹಾಕಿದರು. ಪರದೆಯಲ್ಲಿ ಸಾಲದೆನಿಸಿ ಒಂದು ಕರಡು ತೆಗೆದರು. ಎರಡು ಹೆಸರುಗಳೂ ಒಂದೇ ಅಳತೆಗೆ, ಒಂದರ ಕೆಳಗೊಂದು, ಹೊಸದಾಗಿ ಮನೆ ಹೂಡಿದವರ ಹಾಗೆ ಕೂತಿದ್ದವು. ಮೇಷ್ಟ್ರು ಮತ್ತೆ ಮತ್ತೆ ಓದಿದರು. ಒಂದೇ ಒಂದು ತಪ್ಪು ಕಾಣಲಿಲ್ಲ. ಹದಿನಾಲ್ಕು ವರ್ಷದ ಅಭ್ಯಾಸ, ಕೈ ತಾನಾಗಿ ಮೂಲೆಯಲ್ಲಿ 'ಸರಿಯಿದೆ' ಎಂದು ಬರೆದು ಸಹಿ ಹಾಕಿತು.

ಊಟ ಮುಗಿಸಿ ಬರುವಷ್ಟರಲ್ಲಿ ಮುನ್ನೂರು ಕಾರ್ಡು ಅಚ್ಚಾಗಿ ಒಣಗುತ್ತಿದ್ದವು.

"ಏನ್ ಮಾಡಿದ್ರಿ ಅಣ್ಣಾ!"

"ಸಹಿ ನಿಮ್ದೇ ಅಲ್ವಾ? ಸರಿಯಿದೆ ಅಂತ ಬರ್ದಿದೀರಿ. ನನಗೂ ಸರಿ ಅನ್ನಿಸ್ತು, ಹೊಡೆದೆ."

ಮೇಷ್ಟ್ರು ಕಟ್ಟುಗಳನ್ನು ಬಾಚಿಕೊಂಡು ಕಾಗದ ಕತ್ತರಿಸುವ ಯಂತ್ರದ ಹಿಂದೆ ಅಡಗಿಸಿದರು. ಅಕ್ಕ ಹೊರಗೆಳೆದಳು. ಬೀರುವಿನಲ್ಲಿಟ್ಟರು. ಅಕ್ಕ ಬೀಗದಕೈ ತಂದಳು.

"ನಿಮ್ಮ ಬಾಯಿ ಈ ಜನ್ಮದಲ್ಲಿ ತೆರೆಯಲ್ಲ ಮೇಷ್ಟ್ರೇ. ಕಾರ್ಡಾದ್ರೂ ಮಾತಾಡ್ಲಿ ಬಿಡಿ," ಎಂದು ಮೇಲಿನ ಕಟ್ಟಿಗೆ ರಿಬ್ಬನ್ ಕಟ್ಟಿದಳು.

ಮೇಷ್ಟ್ರು ಇನ್ನೊಮ್ಮೆ ಕೈ ಚಾಚಿದರು, ಆದರೆ ಕಟ್ಟನ್ನು ಎತ್ತಲಿಲ್ಲ. ಆಕೆ ಬಂದಾಗ ಬಾಗಿಲ ಹತ್ತಿರ ಬೀಳುವ ನೆರಳು, ಹೋದ ಮೇಲೆ ಉಳಿಯುವ ಉದ್ದನೆಯ ಮಧ್ಯಾಹ್ನ, ಎಲ್ಲ ನೆನಪಾಯಿತು. ಒಂದೇ ಒಂದು ಸಲ ಅದೃಷ್ಟಕ್ಕೆ ಬಿಟ್ಟು ನೋಡೋಣ ಅನ್ನಿಸಿತು. ಹೋಗಿ ತಲೆ ಬಾಚಿಕೊಂಡು ಬಂದರು. ಕನ್ನಡಿಯ ಮುಂದೆ ಆಕೆಯ ಹೆಸರನ್ನು ಮೆಲ್ಲಗೆ ಕರೆದು ನೋಡಿದರು. ಬಾಯಿಗೆ ಹಿತವಾಗಿತ್ತು.

ಐದು ಗಂಟೆಗೆ ಟೀಚರ್ ಬಂದಳು. ಜೊತೆಗೆ ಅವಳದೇ ಕಣ್ಣುಗಳ, ಅರ್ಧ ನರೆತ ಕೂದಲಿನ ಹೆಂಗಸು. ಅವರ ಹಿಂದೆ, ಬೆಳಿಗ್ಗೆಯಿಂದ ಪತ್ತೆಯಿಲ್ಲದ ಯಜಮಾನರು, ಹೊಸ ಅಂಗಿ ತೊಟ್ಟು, ಹೋಂವರ್ಕ್ ಮರೆತ ಹುಡುಗನಂತೆ ನಿಂತಿದ್ದರು.

"ಹೇಳಿ, ಇನ್ನೆಷ್ಟು ಹೊತ್ತು?" ಟೀಚರ್ ಅವರನ್ನು ಚುಚ್ಚಿದಳು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಏನಪ್ಪಾ ಅಂದ್ರೆ... ಆ ಗಂಡು ನಾನೇ. ಇವರು ಟೀಚರ್ ತಾಯಿ. ಇವರಿಗೂ ಯಾರಿಲ್ಲ, ನನಗೂ ಯಾರಿಲ್ಲ..."

ಮೇಷ್ಟ್ರು ಕಟ್ಟಿನ ಮೇಲೆ ಬೀಳುವ ಮೊದಲೇ ಆ ತಾಯಿ ಒಂದು ಕಾರ್ಡು ಎಳೆದುಕೊಂಡಿದ್ದರು.

"ನನ್ನ ಹೆಸರು ಚೆನ್ನಾಗಿ ಬಂದಿದೆ. ಅದರ ಕೆಳಗಿರೋ ಈ ಪುಣ್ಯಾತ್ಮ ಯಾರು?"

ಮಧ್ಯಾಹ್ನ ತಾವು ಕನ್ನಡಿಯ ಮುಂದೆ ಕರೆದದ್ದು ಯಾರನ್ನು ಎಂಬುದು ಮೇಷ್ಟ್ರಿಗೆ ಆಗ ಹೊಳೆಯಿತು.

ಯಜಮಾನರು ಕನ್ನಡಕ ಹಾಕಿಕೊಂಡು ಓದಿದರು. ಮುಖ ಕಪ್ಪಿಟ್ಟಿತು. "ಏನ್ರೀ ಇದು? ನಾನು ಎರಡು ವರ್ಷ ಒದ್ದಾಡಿ ಒಪ್ಪಿಸಿದ್ದು! ನೀವು ಯಾವಾಗಿಂದ?"

"ಇಲ್ಲ ಸರ್... ನಾನು ಇವರನ್ನಲ್ಲ... ಇವರ..." ನಾಲಿಗೆ ಅಲ್ಲಿಗೇ ನಿಂತಿತು. ಅಕ್ಕ ಕೆಮ್ಮಿದಳು, ಮಷೀನಣ್ಣ ಸೂರು ನೋಡಿದ. ಟೀಚರ್ ಮಾತ್ರ ಮೇಷ್ಟ್ರನ್ನೇ ದಿಟ್ಟಿಸಿ ನೋಡುತ್ತಿದ್ದಳು. ಇನ್ನೊಂದೇ ಪದ ಸಾಕಿತ್ತು. ಅದು ಬರಲಿಲ್ಲ.

"ಪಾಪ, ಬೈಬೇಡಿ," ಎಂದರು ತಾಯಿ. ಅವರ ದನಿ ಮೆತ್ತಗಾಗಿತ್ತು. "ಒಂಟಿಯಾಗಿದ್ದೋರಿಗೆ ಹೀಗೆಲ್ಲ ಆಗುತ್ತೆ, ನನಗೆ ಗೊತ್ತು. ನೋಡಪ್ಪಾ, ಇನ್ಮೇಲೆ ನಮ್ಮನೇನ ನಿನ್ನ ಮನೆ ಅಂತಲೇ ತಿಳ್ಕೋ. ನನಗೆ ಗಂಡುಮಕ್ಕಳಿಲ್ಲ, ಇವಳಿಗೆ ಅಣ್ಣ ಅಂತ ಒಬ್ಬರಿಲ್ಲ. ಹೊಸ ಕಾರ್ಡಲ್ಲಿ ಕರೆಯೋರ ಜಾಗಕ್ಕೆ ನಿಮ್ಮಿಬ್ಬರ ಹೆಸರೂ ಹಾಕಿಬಿಡು."

ಯಜಮಾನರು ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು.

ಮೇಷ್ಟ್ರು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತರು. ಟೀಚರ್ ಕುರ್ಚಿಯ ಹಿಂದೆ ಬಂದು ಬಾಗಿ, ಒಂದೊಂದೇ ಅಕ್ಷರ ಬಿಡಿಸಿ ತನ್ನ ಹೆಸರು ಹೇಳಿದಳು. ಅವರು ಎಷ್ಟು ನಿಧಾನವಾಗಿ ಒತ್ತಲು ಸಾಧ್ಯವೋ ಅಷ್ಟು ನಿಧಾನವಾಗಿ ಒತ್ತಿದರು. ಎಂಥ ಚೆಂದದ ಹೆಸರು, ಎನ್ನಬೇಕೆಂದುಕೊಂಡರು.

"ಅಕ್ಷರ ಇಷ್ಟು ದೊಡ್ಡದಿದ್ರೆ ಸಾಕಾ?" ಎಂದರು.

ಆಕೆ ಪರದೆಯಿಂದ ಕಣ್ಣು ತೆಗೆದು ನೆಟ್ಟಗೆ ನಿಂತಳು.

"ಸಾಕು. ನಿಮ್ಮ ಹೆಸರು ಮೇಲೆ ಹಾಕಿ ಅಣ್ಣಾ," ಎಂದಳು. "ದೊಡ್ಡೋರಲ್ವಾ ನೀವು."