ಝಿಬೆಕ್ ಎಂಬ ಹಾವನ್ನು ಮರ್ಯಾದೆಯಿಂದ ಹೊರಹಾಕಿದ ಸಾಗಣೆದಾರರಿಗೆ

ಕರಾಗಂಡ ನಗರದ ಮನೆ ಸಾಗಣೆ ಕಂಪನಿಯೊಂದರ ನಿರ್ದೇಶಕರಾದ ಎರ್ಬೊಲಾತ್ ಅವರ ಸನ್ನಿಧಾನಕ್ಕೆ, ನಿವೃತ್ತ ಪ್ರಾಣಿಶಾಸ್ತ್ರ ಶಿಕ್ಷಕಿ ಗುಲ್‌ಬರ್ಶಿನ್ ಸೆಯಿತೋವಾ ತಲೆಬಾಗಿ ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಾವೂ ತಮ್ಮ ಲಾರಿಗಳೂ ಕ್ಷೇಮವೆಂದು ನಂಬಿದ್ದೇನೆ. ಇತ್ತ ನನ್ನ ಹೊಲಿಗೆ ಯಂತ್ರ, ಕಂಬಳಿ, ಚಹಾ ಬಟ್ಟಲುಗಳೆಲ್ಲ ಒಂದು ಗೀರೂ ಇಲ್ಲದೆ ಹೊಸ ಮನೆ ಸೇರಿವೆ. ಒಡೆಯುವಂಥದ್ದನ್ನೆಲ್ಲ ಉಳಿಸಿ, ಉಸಿರಾಡುವಂಥದ್ದನ್ನು ಕಳೆದ ತಮ್ಮವರ ಕೌಶಲ್ಯಕ್ಕೆ ಯಾವ ಪದಕ ಕೊಟ್ಟರೂ ಕಡಿಮೆಯೇ.

ನನ್ನ ಎರಡು ಸಾಕುಹಾವುಗಳ ವಿಷಯವನ್ನು ಮೊದಲೇ ಫೋನಿನಲ್ಲಿ ತಿಳಿಸಿದ್ದೆ. "ಟೀಚರಮ್ಮಾ, ನಿಮ್ಮ ಹಾವು ಅಂದ್ರೆ ನಮ್ಮ ಹಾವು ಅಂದ್ಕೊಳ್ಳಿ" ಎಂದು ತಾವೇ ಅಭಯವಿತ್ತಿರಿ. ಆ ಮಾತು ನಂಬಿ, ವಾರ ಮೊದಲೇ ಅವುಗಳ ಊಟ ನಿಲ್ಲಿಸಿ, ಝಿಬೆಕ್‌ಳನ್ನೂ ತಾಸ್ಪಾನನ್ನೂ ಬೇರೆ ಬೇರೆ ಬಟ್ಟೆಚೀಲಗಳಲ್ಲಿಟ್ಟು ಗಂಟು ಹಾಕಿ, ಗಾಳಿಗೆ ತೂತು ಕೊರೆದ ಪೆಟ್ಟಿಗೆಯಲ್ಲಿ ಟವೆಲ್ ಸುತ್ತಿದ ಬಿಸಿನೀರ ಬಾಟಲಿ ಜೊತೆಗಿಟ್ಟು, ಮೇಲೆ "ಜೀವಂತ ಹಾವುಗಳಿವೆ, ತೆರೆಯಬೇಡಿ" ಎಂದು ದಪ್ಪಕ್ಷರದಲ್ಲಿ ಬರೆದೆ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತೇನೆಂದರೆ ತಮ್ಮ ಮೇಸ್ತ್ರಿ ಸೆರಿಕ್‌ಬೋಲ್, "ಮುಂದೆ ಜಾಗ ಇಲ್ಲ ಟೀಚರಮ್ಮಾ, ನೀವು ಬಸ್ಸಲ್ಲಿ ಬನ್ನಿ" ಎಂದರು. ಹೊಸ ಮನೆಯ ಕೀಲಿಯನ್ನು ಕೈಯಾರೆ ಕೊಟ್ಟ ಮೂರ್ಖಳು ನಾನೇ.

ನಾನು ಬರುವಷ್ಟರಲ್ಲಿ ಆ ಪುಣ್ಯಾತ್ಮರು ಪೆಟ್ಟಿಗೆ ತೆರೆದು ಝಿಬೆಕ್‌ಳ ಚೀಲವನ್ನೂ ಬಿಚ್ಚಿಯಾಗಿತ್ತು. ಕಾರಣ ಕೇಳಿದೆ. "ಬೆಳ್ಳಿ ಒಡವೆ ಇಟ್ಟ ಕಡೆ ಕಳ್ಳರು ಹೆದರ್ಲಿ ಅಂತ ಹೆಂಗಸರು ಹಿಂಗೆಲ್ಲ ಬರೀತಾರೆ, ಭದ್ರವಾಗಿದೆಯಾ ಅಂತ ನೋಡಿದ್ವಿ ಅಷ್ಟೇ" ಎಂದರು. ಅಬ್ಬಾ, ಎಂಥ ಕಾಳಜಿ!

ಮನೆಯೊಳಗೆ ಹಾವು ಕಂಡರೆ ಹೊಡೆಯಬಾರದು, ತಲೆಯ ಮೇಲೆ ಹಾಲು, ಮಜ್ಜಿಗೆಯಂಥ ಬಿಳಿಯದನ್ನು ಸುರಿದು ಬಾಗಿಲು ತೋರಿಸಬೇಕೆಂಬುದು ನಮ್ಮ ಅಜ್ಜಿಯರ ಕಟ್ಟಳೆ, ಅದನ್ನು ನಾನೂ ಗೌರವಿಸುತ್ತೇನೆ. ಆದರೆ ಮಹಾಶಯರೇ, ಆ ಕಟ್ಟಳೆ ತಾನಾಗಿ ಬಂದ ಹಾವಿಗೆ. ನಾಲ್ಕು ಮಹಡಿ ಹೊತ್ತು ಹತ್ತಿಸಿ, ತಾವೇ ಗಂಟು ಬಿಚ್ಚಿದ ಹಾವಿಗೂ ಅದು ಅನ್ವಯಿಸುತ್ತದೆಂದು ತಮ್ಮ ಮೇಸ್ತ್ರಿಯೇ ಕಂಡುಹಿಡಿದದ್ದು. ನಾನು ಬರುವ ಮೊದಲೇ ನನ್ನದೇ ಮಜ್ಜಿಗೆಯನ್ನು ನನ್ನದೇ ಬಟ್ಟಲಿನಿಂದ ಝಿಬೆಕ್‌ಳ ತಲೆಗೆ ಸುರಿದು, ಮೆಟ್ಟಿಲ ತನಕ ಬೀಳ್ಕೊಟ್ಟಿದ್ದವರು, "ಚಿಂತೆ ಬಿಡಿ, ಮರ್ಯಾದೆಯಿಂದಲೇ ಕಳಿಸಿದೀವಿ" ಎಂದು ನನಗೇ ಸಮಾಧಾನ ಹೇಳಿದರು. ಆಮೇಲೆ ಎರಡನೆಯ ಚೀಲದಲ್ಲೂ ಏನೋ ಅಲುಗಿದ್ದು ಕಂಡು, ತಲೆಯ ಟೋಪಿ ಬಿದ್ದದ್ದೂ ತಿಳಿಯದಂತೆ ಓಡಿದರು. ತಾಸ್ಪಾ ಬದುಕಿದ್ದು ಹಾಗೆ.

ಮೆಟ್ಟಿಲುಗಳಲ್ಲೆಲ್ಲೂ ಝಿಬೆಕ್ ಕಾಣಲಿಲ್ಲ. ಹೊರಗೆ ಮೈನಸ್ ಹದಿನೆಂಟು ಡಿಗ್ರಿ. ಹನ್ನೊಂದು ವರ್ಷ ಸಾಕಿದ ಜೀವ ಆ ಚಳಿಯಲ್ಲಿ ಅರ್ಧ ಗಂಟೆಯೂ ಬಾಳದು. ಎರಡು ದಿನ ಹಿಮ ಕೆದಕಿದೆ, ನೆಲಮಾಳಿಗೆಯ ಬಿಸಿನೀರ ಕೊಳವೆಗಳ ಸಂದಿಯಲ್ಲೆಲ್ಲ ಬೆಳಕು ಬಿಟ್ಟು ನೋಡಿದೆ, ಕೊನೆಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಮೂರನೆಯ ದಿನ, ಕೆಳಗಿನ ಮನೆಯ ಹೊಸ್ತಿಲಲ್ಲಿ ಒಣಗಿದ ಬಿಳಿಯ ಕಲೆ ಕಂಡಿತು. ಬಾಗಿಲು ತಟ್ಟಿದೆ. "ಬಂದಿತ್ತು, ಹಾಲು ಹಾಕಿ ಕಳಿಸಿದ್ವಿ" ಎಂದರು. ಅದರ ಕೆಳಗಿನವರು ಹುಳಿ ಕೆನೆಯನ್ನೇ ಹಾಕಿ ಕಳಿಸಿದ್ದರಂತೆ. ಇಡೀ ಕಟ್ಟಡಕ್ಕೆ ಎಂಥ ಸಂಸ್ಕಾರ ನೋಡಿ!

ನೆಲ ಅಂತಸ್ತಿನಲ್ಲಿ ಒಬ್ಬರೇ ಇರುವ ಕಮ್‌ಶಾತ್ ಅಜ್ಜಿ ಬಾಗಿಲು ತೆರೆದು, ನನ್ನ ಮುಖ ನೋಡಿದವರೇ ಒಳಗೆ ಕರೆದರು. ಬಿಸಿ ಕೊಳವೆಯ ಪಕ್ಕದಲ್ಲಿ ಅವರ ಯಜಮಾನರ ಹಳೆಯ ಉಣ್ಣೆಬೂಟು, ಅದರೊಳಗೆ ಸುರುಳಿ ಸುತ್ತಿಕೊಂಡು ಝಿಬೆಕ್! "ಏನ್ ಮಾಡ್ಲಿ ಮಗಳೇ, ಮನೇಲಿ ಒಂದು ತೊಟ್ಟು ಹಾಲಿರಲಿಲ್ಲ. ಹೊರಗೆ ಜಾರತ್ತೆ, ತರೋಕೆ ಹೋಗೋಕಾಗ್ಲಿಲ್ಲ. ಹಾಲು ಹಾಕದೆ ಅತಿಥೀನ ಹೊರಗೆ ಕಳಿಸೋದು ಹೆಂಗೆ?" ಎಂದರು.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಕೋರಿಕೆ: ತಮ್ಮ ಮೇಸ್ತ್ರಿಗೆ ಓದು ಕಲಿಸಬೇಡಿ, ಅದು ಅವರಿಗಿದೆ. ಓದಿದ್ದನ್ನು ನಂಬುವುದು ಕಲಿಸಿ. ಅಲ್ಲಿಯವರೆಗೆ ತಮ್ಮ ನೌಕರರಿರುವ ಕಡೆಯೆಲ್ಲ ಹಾಲು ಮಾರದಂತೆ ನಗರಸಭೆಗೆ ತಾವೇ ಬರೆಯಿರಿ.

ಹಾಲಿಲ್ಲದ ಮನೆಯ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಗುಲ್‌ಬರ್ಶಿನ್ ಸೆಯಿತೋವಾ

ಮರೆತ ಮಾತು: ಸೆರಿಕ್‌ಬೋಲ್ ಬಿಟ್ಟುಹೋದ ಟೋಪಿಯನ್ನು ಪೆಟ್ಟಿಗೆಯಲ್ಲಿಟ್ಟು, ಗಾಳಿಗೆ ತೂತು ಕೊರೆದು, ಈ ಪತ್ರದೊಡನೆ ಕಳಿಸಿದ್ದೇನೆ. ಮೇಲೆ "ಟೋಪಿ" ಎಂದು ಬರೆದಿದೆ. ಒಳಗಿರುವುದೂ ಟೋಪಿಯೇ. ಆದರೂ ತೆರೆಯುವಾಗ ಒಂದು ಬಟ್ಟಲು ಮಜ್ಜಿಗೆ ಪಕ್ಕದಲ್ಲಿರಲಿ.