ಒಂದು ತೊಲೆಯ ತತ್ತಿ

ನಮ್ಮ ಕಾಕಾ ಹುಚ್ಚನಲ್ಲ. ಈ ಮಾತನ್ನು ನನ್ನ ದಿನಚರಿಯಲ್ಲಿ ಇದುವರೆಗೆ ಒಂಬತ್ತು ಸಲ ಬರೆದಿದ್ದೇನೆ. ಏಳು ಸಲ ಹೊಡೆದುಹಾಕಿದ್ದೇನೆ. ಉಳಿದ ಎರಡು ಸಲ ಅವನು ಪಕ್ಕದಲ್ಲೇ ನಿಂತು ನೋಡುತ್ತಿದ್ದ!

ನೀವೇ ಹೇಳಿ. ಬದನೆಕಾಯಿ ಹೆಚ್ಚುವಾಗ ಹುಳ ಕಂಡರೆ ‘ಶಿವಶಿವಾ’ ಎಂದು ಅದನ್ನು ಎಲೆಯ ಮೇಲೆ ಕೂರಿಸಿ ಹಿತ್ತಲಿಗೆ ಬಿಟ್ಟುಬರುವ ಮನೆ ನಮ್ಮದು. ಅಂಥ ಮನೆಯ ಹಿಂದಿನ ಪಡಸಾಲೆಯಲ್ಲಿ ನಾಲ್ಕು ಬಿದಿರಿನ ಪಂಜರ. ಪಂಜರದ ತುಂಬ ಲಾವಕ್ಕಿ. ಆ ಹಕ್ಕಿಗಳೂ ಅವುಗಳ ತತ್ತಿಗಳೂ ದೊಡ್ಡವಾಗಲಿ ಎಂದು ಹಗಲೆಲ್ಲ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ ಒಬ್ಬ ಮನುಷ್ಯ! ಹಿಡಿಯೊಳಗೆ ಮುಚ್ಚಿದರೆ ಕಾಣಿಸದ ಹಕ್ಕಿ ಅದು. ಅದರ ತತ್ತಿ ಎಷ್ಟು ದೊಡ್ಡದಾದೀತು?

ಇದಕ್ಕೆಲ್ಲ ಮೂಲ ಚಿಗವ್ವ, ಎಂದರೆ ಕಾಕಾನ ಹೆಂಡತಿ. ಒಂದು ಮಳೆಗಾಲ ಜ್ವರ ಬಂದು ಮಲಗಿದವಳು ಎದ್ದಾಗ ಅರ್ಧ ಆಗಿದ್ದಳು. ಕೈ ಮೇಲೆತ್ತಿದರೆ ಬಳೆಗಳು ಜಾರಿ ಮೊಣಕೈ ಮುಟ್ಟುತ್ತಿದ್ದವು. ಅಕ್ಕಿಆಲೂರಿನ ಡಾಕ್ಟರರು ನಾಡಿ ನೋಡಿ, “ಇವರ ಮೈಯಾಗ ರಕ್ತ ಇಲ್ರಿ. ದಿನಾ ಬಿಸಿ ಹಾಲಿನ್ಯಾಗ ತತ್ತಿ ಒಡದು ಕುಡಸ್ರಿ,” ಎಂದರು. ಚಿಗವ್ವ ಎಂಟು ದಿನ ಯಾರ ಸಂಗಡವೂ ಮಾತಾಡಲಿಲ್ಲ. ಒಂಬತ್ತನೆಯ ದಿನ ತೀರ್ಪು ಕೊಟ್ಟಳು.

“ಔಷಧ ಅಂತ ಕುಡೀತೇನಿ. ದಿನಕ್ಕ ಒಂದ. ಎರಡನೇದು ಅಂದ್ರೋ, ತವರಿಗೆ ಹೋಗ್ತೇನಿ. ಮತ್ತ ಕೋಳಿ ಆಗಲಿ, ಕೋಳಿ ತತ್ತಿ ಆಗಲಿ, ನಮ್ಮ ಹೊಸ್ತಿಲಾ ದಾಟಬಾರದು.”

ಬೇರೆ ಗಂಡಸಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದ. ನಮ್ಮ ಕಾಕಾ ಹೊರಗೆ ಬಂದು ತೊಡೆ ತಟ್ಟಿದ.

“ಕೋಳಿ ಬ್ಯಾಡಂದ್ಲು, ಲಾವಕ್ಕಿ ಬ್ಯಾಡಂದಿಲ್ಲ! ಒಂದ ತತ್ತಿ ಅಂದ್ಲು. ಎಷ್ಟ ದೊಡ್ಡದು ಅಂದಿಲ್ಲ! ಮಗಳ, ನಿನ್ನ ಅಕ್ಷರ ಚಲೋ ಅದಾವ. ಪುಸ್ತಕ ತಗೀ!”

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದ ನನಗೆ ಹೀಗೆ ನೌಕರಿ ಸಿಕ್ಕಿತು. ಪತ್ತಾರರಿಂದ ಚಿನ್ನ ತೂಗುವ ಹಳೆಯ ತಕ್ಕಡಿ ಬಂತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಹೀಗೆ ನಾಲ್ಕು ಕಡೆಯ ಹೊಲಗಳಿಂದ ಬಲೆಗಾರರು ಹಿಡಿದುಕೊಟ್ಟ ಹಕ್ಕಿಗಳು ಬಂದವು. ಪಂಜರಗಳಿಗೂ ಅವೇ ಹೆಸರು. ಹಾನಗಲ್ಲಿನವು ಭತ್ತದ ಸೀಮೆಯವಲ್ಲವೇ, ಜೋಳ ಹಾಕಿದರೆ ನುಚ್ಚು ಎಲ್ಲಿ ಎನ್ನುವಂತೆ ನೋಡುತ್ತಿದ್ದವು. ಶಿಗ್ಗಾಂವಿ ಪಂಜರದಲ್ಲಿ ಹಿರೇಬೆಂಡಿಗೇರಿಯ ಹೊಲದ ಒಂದು ಗಂಡು ಇತ್ತು. ನೀರಿನಲ್ಲಿ ಕಂಡ ತನ್ನ ನೆರಳಿನೊಂದಿಗೇ ಜಗಳ. ನಮ್ಮ ಸವಣೂರಿನವು ನವಾಬರ ಊರಿನವು; ಬಿಸಿಲೇರುವವರೆಗೆ ಏಳುತ್ತಿರಲಿಲ್ಲ. ಹಿರೇಕೆರೂರಿನವು ಮಾತ್ರ ಮೂಲೆ ಹಿಡಿದು ಕುಳಿತು ಎಲ್ಲರಿಗಿಂತ ದೊಡ್ಡ ತತ್ತಿ ಇಡುತ್ತಿದ್ದವು. ಚಿಗವ್ವನ ತವರೂ ಹಿರೇಕೆರೂರೇ! ತತ್ತಿ ಎಂದರೆ ಮುಖ ತಿರುಗಿಸುವವಳು ಇದನ್ನು ಕೇಳಿ, “ನಮ್ಮ ಕಡೀವು ಹಂಗ. ಮಾತಿಲ್ಲ ಕತಿಯಿಲ್ಲ, ಕೆಲಸ ಅಷ್ಟ,” ಎಂದಳು.

ಜೋಳಕ್ಕೆ ಕಂಟ್ರೋಲು ಬಂದಿದ್ದ ಯುದ್ಧದ ಕಾಲ. ಕಾಕಾ ತನ್ನ ಎರಡು ರೊಟ್ಟಿಯಲ್ಲಿ ಒಂದನ್ನು ಪುಡಿಮಾಡಿ ಹಕ್ಕಿಗೆ ಹಾಕುತ್ತಿದ್ದ. ಗುರಿ ಏನು? ಒಂದು ತೊಲೆಯ ತತ್ತಿ! ತೊಲೆಗೆ ತೊಂಬತ್ತಾರು ಗುಲಗಂಜಿ. ಮೊದಲ ದಿನದ ಅತಿ ದೊಡ್ಡ ತತ್ತಿ ತೂಗಿದ್ದು ಅರವತ್ತೆರಡು. ದಿನಚರಿಯಲ್ಲಿ ಎರಡು ಕಾಲಮ್ಮು ಗೀಚಿದೆ. ‘ಚಿಗವ್ವಗೆ’ ಎಂಬಲ್ಲಿ ಆ ದಿನದ ಅತಿ ದೊಡ್ಡದು. ‘ಮರಿಗೆ’ ಎಂಬಲ್ಲಿ ಉಳಿದವು. ಮೂರನೆಯದು ನನ್ನ ಗುಟ್ಟಿನ ಕಾಲಮ್ಮು: ಚಿಗವ್ವನ ಬಳೆ ಮೊಣಕೈಗೆ ಎಷ್ಟು ಬೆರಳು ಈಚೆ ನಿಂತಿತು.

ಬೆಳಿಗ್ಗೆ ಕಾಕಾ ಹಾಲು, ತತ್ತಿ ಎರಡನ್ನೂ ಒಳಕೋಣೆಯಲ್ಲಿ ಅವಳ ಮುಂದಿಟ್ಟು, ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ತಾನು ತತ್ತಿ ಕುಡಿಯುವುದನ್ನು ಯಾರೂ ನೋಡಬಾರದು, ಗಂಡನೂ ನೋಡಬಾರದು ಎಂದು ಅವಳ ಕಟ್ಟಪ್ಪಣೆ. ಲೋಟ ನೆಲಕ್ಕಿಟ್ಟ ಸದ್ದಾದ ಮೇಲೆಯೇ ಅವನು ತಿರುಗಬೇಕು. ಮರಿಗೆಂದು ಉಳಿಸಿದ ತತ್ತಿಗಳ ತೌಡಿನ ಬುಟ್ಟಿಯೂ ಅದೇ ತಂಪು ಕೋಣೆಯಲ್ಲಿ. ವಾರಕ್ಕೊಮ್ಮೆ ಬುಟ್ಟಿ ಓಣಿಯವರೆಲ್ಲ ಖಾಲಾ ಎನ್ನುವ ಹಿತ್ತಲಾಚೆಯ ಮುಸಲ್ಮಾನ ಹೆಂಗಸಿನ ಮನೆಗೆ ಹೋಗುತ್ತಿತ್ತು. ಕಾವು ಕೂರುವ ಕೋಳಿ ಅವಳದು.

“ಅರೇ ಭಾಯಿ,” ಎಂದು ಖಾಲಾ ಬೇಲಿಯ ಮೇಲಿಂದ ಕೂಗುತ್ತಿದ್ದಳು, “ನಮ್ಮ ಕೋಳಿ ಇನ್ನೂ ಎಷ್ಟ ಮಂದಿ ಮಕ್ಕಳ್ನ ಸಾಕಬೇಕ್ರಿ? ತನ್ನ ಮಕ್ಕಳ ಮಾರಿನ ಮರತೈತಿ!”

ಒಂದು ಬೇಸಿಗೆ ಆ ಕೋಳಿ, ಮರಿಯಾಗಲು ಎರಡು ದಿನ ಉಳಿದಿರುವಾಗ, ಕಾವಿನಿಂದ ಎದ್ದುಹೋಯಿತು. ಕಾಕಾ ಏನು ಮಾಡಿದ ಗೊತ್ತೇ? ತತ್ತಿಗಳನ್ನು ಅರಳೆಯಲ್ಲಿ ಸುತ್ತಿ ತಲೆಯ ಮೇಲಿಟ್ಟು ಮೇಲೆ ರುಮಾಲು ಸುತ್ತಿಬಿಟ್ಟ! ಎರಡು ದಿನ ಗೋಡೆಗೆ ಒರಗಿ ಕುಳಿತೇ ನಿದ್ದೆ. ಎರಡನೆಯ ದಿನವೇ ನಮ್ಮ ಮನೆತನದ ಗುರು ಅಯ್ಯನವರು ಮನೆಗೆ ಬರಬೇಕೆ! ಎಲ್ಲರೂ ಕಾಲಿಗೆ ಬಿದ್ದೆವು. ಕಾಕಾ ಮಾತ್ರ ಕಂಬದಂತೆ ನಿಂತು ಕೈಮುಗಿದ.

“ಯಾಕೋ ತಮ್ಮಾ, ಕುತ್ತಿಗಿ ಹಿಡದೈತೇನು?”

“ಹೌದ್ರಿ ಅಪ್ಪಾರ. ಎರಡ ದಿನಾತು.”

ಅಷ್ಟರಲ್ಲಿ ರುಮಾಲಿನೊಳಗಿಂದ ‘ಚಿಂವ್’ ಎಂದಿತು. ಅಯ್ಯನವರು ಜಂತೆ ನೋಡಿ, “ಗುಬ್ಬಿ ಗೂಡ ಕಟ್ಟ್ಯಾವ. ಮನಿಗೆ ಚಲೋ ಆಕ್ಕೈತಿ,” ಎಂದು ಹರಸಿ ಹೋದರು. ಆರು ತತ್ತಿಗೆ ಐದು ಮರಿ. ಬರೆದಿಟ್ಟಿದ್ದೇನೆ.

ಆದರೆ ಒಂದೂವರೆ ವರ್ಷವಾದಾಗ ನನ್ನ ಪುಸ್ತಕ ನನ್ನನ್ನೇ ಹೆದರಿಸಿತು. ಅರವತ್ತೆರಡು ಅರವತ್ತಾಗಿತ್ತು, ಅರವತ್ತು ಐವತ್ತಾರಾಗಿತ್ತು. ತತ್ತಿ ಸಣ್ಣದಾಗುತ್ತಿತ್ತು! ಕಾಕಾ ಮೊದಲು ಕಂಟ್ರೋಲು ಜೋಳವನ್ನು ಬೈದ. ಆಮೇಲೆ ಶಿಗ್ಗಾಂವಿ ಗಂಡಿನ ಸಿಟ್ಟನ್ನು. ಕೊನೆಗೆ, “ದಿನಾ ತೂಗಿ ತೂಗಿ ದೃಷ್ಟಿ ಆಗೇತಿ,” ಎಂದು ತಕ್ಕಡಿಯಲ್ಲಿ ತತ್ತಿ ಇಡುವ ತಟ್ಟೆಗೆ ನಿಂಬೆಹಣ್ಣು ಕಟ್ಟಿದ. ಅವತ್ತು ಆ ಪರಡಿ ನೆಲಕ್ಕೆ ಬಡಿಯಿತು! “ಏರಿತು!” ಎಂದು ಕುಣಿದ. ನಿಂಬೆಹಣ್ಣು ಬಿಚ್ಚಿ ಮತ್ತೆ ತೂಗಿದೆ. ಐವತ್ತೈದು.

ಮೂರು ದಿನ ಕಾಲಮ್ಮುಗಳನ್ನು ನೋಡುತ್ತ ಕುಳಿತ ಮೇಲೆ ನನಗೆ ಹೊಳೆಯಿತು. ಒಳಕೋಣೆಯ ಬಾಗಿಲ ಬಳಿ ಅವನನ್ನು ಹಿಡಿದೆ.

“ಕಾಕಾ, ದಿನಾ ದೊಡ್ಡ ತತ್ತಿ ಚಿಗವ್ವಗ ಹೋಗ್ತೈತಿ. ಮರಿ ಆಗೂವು ಬರೇ ಸಣ್ಣವು. ಸಣ್ಣವರ ಹೊಟ್ಟೀಲೆ ದೊಡ್ಡವು ಹೆಂಗ ಹುಟ್ಟಬೇಕು?”

ಅವನು ಪುಸ್ತಕ ಕಸಿದು ಎರಡೂ ಕಾಲಮ್ಮಿನ ಮೇಲೆ ಬೆರಳಾಡಿಸಿದ. “ಹಂಗಾದ್ರ ದೊಡ್ಡವು ಮರಿಗೆ ಇಡಬೇಕು?”

“ಹೌದು.”

“ಎಷ್ಟ ದಿನ?”

“ಮೂರ-ನಾಕ ವರ್ಷ.”

“ಅಲ್ಲೀತನಕ ಆಕಿಗೆ?”

“ಸಣ್ಣವು.”

ಒಳಗೆ ಚಿಗವ್ವ ಕೆಮ್ಮಿದಳು. ಕಾಕಾ ಪುಸ್ತಕ ಮುಚ್ಚಿ ನನ್ನ ಕೈಗಿಟ್ಟ. “ನಾಕ ವರ್ಷದ ಮ್ಯಾಲಿಂದು ನನಗ ಗೊತ್ತಿಲ್ಲ ಮಗಳ. ಇವತ್ತಿನ ದೊಡ್ಡದು ಆಕಿಗೆ.”

ಲೆಕ್ಕ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ನಾಗರ ಪಂಚಮಿಯ ಹೊತ್ತಿಗೆ ತತ್ತಿ ಅರವತ್ತಕ್ಕೆ ಏರಿತು. ಸೀಗಿ ಹುಣ್ಣಿಮೆಗೆ ಅರವತ್ತಮೂರು. ಕಾಕಾ, “ನಿಂಬಿಹಣ್ಣಿನ ಗುಣ ತಡಾ ಆಗಿ ಹತ್ತೇತಿ!” ಎಂದು ಹಿಗ್ಗಿದ. ನನಗೆ ನಿದ್ದೆ ಬರಲಿಲ್ಲ. ಕಾರಣವಿಲ್ಲದೆ ಏರುವ ಲೆಕ್ಕ ಇಳಿಯುವ ಲೆಕ್ಕಕ್ಕಿಂತ ಕೆಟ್ಟದ್ದಲ್ಲವೇ? ಖಾಲಾಳ ಮನೆಗೆ ಹೊರಟ ಬುಟ್ಟಿಯನ್ನು ತಡೆದು ಮತ್ತೆ ತೂಗಿದೆ. ‘ಚಿಗವ್ವಗೆ’ ಎಂದು ಬರೆದಿದ್ದ ತತ್ತಿಗಳೆಲ್ಲ ಬುಟ್ಟಿಯಲ್ಲಿದ್ದವು! ದಿನಕ್ಕೊಂದರಂತೆ, ಎಲ್ಲಕ್ಕಿಂತ ಸಣ್ಣವು ಮಾತ್ರ ಇರಲಿಲ್ಲ.

ಒಳಗೆ ಹೋಗಿ ಚಿಗವ್ವನ ಮುಂದೆ ನಿಂತೆ. ಅವಳು ನಾಚಲಿಲ್ಲ, ಹೆದರಲಿಲ್ಲ.

“ಬೀಜದ ತೆನಿ ಬೀಸಿ ಯಾರರ ರೊಟ್ಟಿ ಮಾಡ್ತಾರೇನ ಹುಚ್ಚಿ? ಆವತ್ತ ಬಾಗಲದಾಗ ನೀನ ಹೇಳಿದ್ಯಲ್ಲ. ಅವರು ಬೆನ್ನ ತಿರಗಿಸಿದಾಗ ಬದಲಿ ಮಾಡ್ತೇನಿ. ಒಂದ ಕುಡೀತೇನಿ ಅಂದಿದ್ದೆ, ಒಂದ ಕುಡೀತೇನಿ.”

“ಆದ್ರ ಸಣ್ಣದು!”

“ಅವರ ಮುಂದ ಬಾಯಿ ಬಿಟ್ಟ್ಯೋ, ನಿನ್ನ ಪುಸ್ತಕ ಒಲಿಗೆ.”

ಅಂದಿನಿಂದ ನನ್ನ ದಿನಚರಿಯಲ್ಲಿ ದಿನಕ್ಕೊಂದು ಸುಳ್ಳು ಸೇರಿತು. ತತ್ತಿ ಎಪ್ಪತ್ತಾಯಿತು, ಎಂಬತ್ತಾಯಿತು. ಕಾಕಾ ಓಣಿಯಲ್ಲಿ ಎದೆಯುಬ್ಬಿಸಿ ನಡೆದ. ಚಿಗವ್ವನ ಪಾಲಿನ ಸಣ್ಣ ತತ್ತಿಯೂ ಹಳೆಯ ದೊಡ್ಡದನ್ನು ಮೀರಿತು. ನಾನು ಧೈರ್ಯ ತಂದುಕೊಂಡೆ. ಆದರೆ ಮೂರನೆಯ ಕಾಲಮ್ಮು? ಬೇಸಿಗೆಯಲ್ಲಿ ಬಳೆ ಮೊಣಕೈಗೆ ನಾಲ್ಕು ಬೆರಳು ಈಚೆ ನಿಲ್ಲುವುದು, ಮಳೆಗಾಲ ಬಂದರೆ ಮತ್ತೆ ಎರಡು, ಮತ್ತೆ ಒಂದು. ಹೇಳಿಬಿಡಲೇ? ಹೇಳಿದರೆ ಇಷ್ಟು ವರ್ಷ ಅವಳು ಬಿಟ್ಟದ್ದೆಲ್ಲ ವ್ಯರ್ಥ. ಹೇಳದಿದ್ದರೆ? ಎಷ್ಟೋ ಪುಟಗಳ ಅಂಚಿನಲ್ಲಿ ಬರೀ ಪ್ರಶ್ನೆಚಿಹ್ನೆ ಹಾಕಿದ್ದೇನೆ.

ಕಳೆದ ಆಷಾಢದಲ್ಲಿ ಆ ದಿನ ಬಂತು. ಹಿರೇಕೆರೂರಿನ ಹೇಂಟೆಯ ತತ್ತಿ. ಒಂದು ಪರಡಿಯಲ್ಲಿ ತೊಲೆಯ ಕಲ್ಲು, ಇನ್ನೊಂದರಲ್ಲಿ ತತ್ತಿ. ಮುಳ್ಳು ಅಲುಗಾಡಿತು, ನಿಂತಿತು. ನೆಟ್ಟಗೆ! ಕಾಕಾ ತತ್ತಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಒಳಗೆ ನಡೆದ. ಹಿಂದೆ ಹಾಲಿನ ಲೋಟದೊಂದಿಗೆ ನಾನು.

ಚಿಗವ್ವನಿಗೆ ಮೂರು ದಿನದಿಂದ ಜ್ವರ. ಗೋಡೆಗೆ ದಿಂಬಿಟ್ಟು ಕೂರಿಸಿದ್ದೆವು. ಕಾಕಾ ತತ್ತಿಯನ್ನು ಅವಳ ಮುಂದಿಟ್ಟ. ಬಾಗಿಲಿಗೆ ಹೋಗಿ ಬೆನ್ನು ತಿರುಗಿಸಿದ. ಅವಳು ಬುಟ್ಟಿಯತ್ತ ಕೈ ಚಾಚಿದಳು. ಎಟುಕಲಿಲ್ಲ. ಮತ್ತೆ ಚಾಚಿದಳು. ಕೊನೆಗೆ ಸೋತು ಬಾಯಿಬಿಟ್ಟೇ ಹೇಳಿದಳು.

“ರೀ, ಇದನ್ನ ಬುಟ್ಯಾಗ ಇಡ್ರಿ. ಅದರಾಗಿಂದು ಸಣ್ಣದು ಕೊಡ್ರಿ.”

ಕಾಕಾ ತಿರುಗಿದ. ಬುಟ್ಟಿ ನೋಡಿದ, ಅವಳನ್ನು ನೋಡಿದ, ಆಮೇಲೆ ನನ್ನನ್ನು. ನಾನು ನೆಲ ನೋಡಿದೆ.

“ಎಷ್ಟ ದಿನದಿಂದ?”

“ನಾಕ ವರ್ಷ ಎರಡ ತಿಂಗಳು,” ಎಂದೆ. ಲೆಕ್ಕ ಕೇಳಿದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲ.

“ಬೀಜರೀ ಅದು,” ಎಂದಳು ಚಿಗವ್ವ. “ಇಷ್ಟ ದೊಡ್ಡದು ಮತ್ತ ಸಿಗೂದಿಲ್ಲ. ತಳಿ ಹೋಗ್ತೈತಿ.”

“ಹ್ವಾದ್ರ ಹೋಗ್ಲಿ.”

ಲೋಟದ ಅಂಚಿಗೆ ಅವನೇ ತತ್ತಿ ಬಡಿದ. ಐದು ವರ್ಷ ಎಂಟು ತಿಂಗಳು ಕಾದ ಒಂದು ತೊಲೆ ಹಾಲಿಗೆ ಇಳಿಯಿತು. ಅವಳ ಕೈಗೆ ಲೋಟ ಕೊಟ್ಟ. ಅವಳು ಎಂದಿನಂತೆ ಬಾಗಿಲತ್ತ ಕಣ್ಣು ಮಾಡಿದಳು. ಅವನು ಕದಲಲಿಲ್ಲ, ಅವಳೆದುರೇ ಕುಳಿತ. ಅವಳು ಲೋಟ ಎತ್ತಿದಾಗ ಬಳೆಗಳು ಜಾರತೊಡಗಿದವು. ಕಾಕಾ ಎರಡು ಬೆರಳು ಚಾಚಿ ಅವುಗಳನ್ನು ಮಣಿಕಟ್ಟಿನಲ್ಲೇ ಹಿಡಿದುಕೊಂಡ, ಲೋಟ ಬರಿದಾಗುವವರೆಗೂ.